ಬಟ್ಟೆಯ ಚಕ್ರ ಮೆತ್ತಗಿದೆ ಎಂದು ನಂಬಬೇಡಿ: ಮನೆಯಲ್ಲಿ ಲೋಹಕ್ಕೆ ಕನ್ನಡಿ ಹೊಳಪು ಕೊಡುವವರಿಗೆ ಎಚ್ಚರಿಕೆ

ಮನೆಯಲ್ಲೇ ಲೋಹದ ಬಿಡಿಭಾಗಗಳಿಗೆ ಕನ್ನಡಿಯಂಥ ಹೊಳಪು ಕೊಡಲು ಹೊರಟಿರುವವರು ಬಫಿಂಗ್ ಚಕ್ರವನ್ನು, ಅಂದರೆ ಹೊಳಪು ಕೊಡುವ ಬಟ್ಟೆಯ ಚಕ್ರವನ್ನು, ಯಂತ್ರಕ್ಕೆ ಸಿಕ್ಕಿಸುವ ಮೊದಲು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ. ಮೋಟಾರ್ ಸೈಕಲ್ಲಿನ ಎಂಜಿನ್ ಬದಿಯ ಅಲ್ಯೂಮಿನಿಯಂ ಮುಚ್ಚಳವೊಂದಕ್ಕೆ ಪಾಲಿಶ್ ಮಾಡುತ್ತಿದ್ದಾಗ, ಚಕ್ರವು ಅದನ್ನು ನನ್ನ ಎರಡೂ ಕೈಗಳ ಹಿಡಿತದಿಂದ ಕಿತ್ತು ನೆಲಕ್ಕೆ ಅಪ್ಪಳಿಸಿತು. ಅಲ್ಲಿಂದ ಪುಟಿದ ಮುಚ್ಚಳ ಮೊಣಕಾಲಿಗೆ ಬಡಿಯಿತು. ಕೈ ಹಿಂದೆಗೆದುಕೊಳ್ಳುವಷ್ಟು ಸಮಯವೂ ಸಿಗಲಿಲ್ಲ. ಹೆಬ್ಬೆರಳಿನ ಬುಡ ಸೀಳಿ ಹೊಲಿಗೆ ಹಾಕಿಸಬೇಕಾಯಿತು, ಮುಚ್ಚಳದ ಒಂದು ಮೂಲೆ ಮುರಿಯಿತು. ಚಕ್ರದೊಂದಿಗೆ ಬಂದಿದ್ದ ಸೂಚನೆಯ ಹಾಳೆಯಲ್ಲಿ ಗೀರುಗಳು ಮಾಯವಾಗುವವರೆಗೆ ಭಾಗವನ್ನು ಚಕ್ರಕ್ಕೆ ಒತ್ತಿ ಹಿಡಿಯಬೇಕು ಎಂದಿತ್ತೇ ಹೊರತು, ಅಂಚುಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ಎಷ್ಟು ವೇಗದವರೆಗೆ ತಿರುಗಿಸಬಹುದೆಂಬ ಸಂಖ್ಯೆಯನ್ನು ಚಕ್ರದ ಮೇಲೂ ಅಚ್ಚು ಹಾಕಿರಲಿಲ್ಲ.

ಕೈಯಲ್ಲಿ ಹಿಡಿದಾಗ ಬಟ್ಟೆಯ ಪದರಗಳನ್ನು ಹೊಲಿದ ಈ ಚಕ್ರ ನಿರಪಾಯಕಾರಿಯಾಗಿ ಕಾಣುತ್ತದೆ. ಆದರೆ 200 ಮಿಲಿಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ಹೊರ ಅಂಚು ಗಂಟೆಗೆ 100 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಬಟ್ಟೆ ಬಿಗಿದು ಗಟ್ಟಿಯಾಗುತ್ತದೆ, ಎದುರಿಗೆ ಸಿಕ್ಕ ತೂತಿನ ಬಾಯಿಗೋ ಚೂಪಾದ ಅಂಚಿಗೋ ಸಿಕ್ಕಿಕೊಂಡು ಭಾಗವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ನನ್ನ ಮುಚ್ಚಳದಲ್ಲಿ ಚಕ್ರಕ್ಕೆ ಸಿಕ್ಕಿದ್ದು ಬೋಲ್ಟ್ ಕೂರುವ ತೂತಿನ ಸುತ್ತಲ ಉಬ್ಬು. ಅದರ ಒಂದು ಪಕ್ಕದಲ್ಲಿ ಕಪ್ಪು ಮೇಣದಂಥ ಪಾಲಿಶ್ ಜಿಡ್ಡು ದಪ್ಪವಾಗಿ ಮೆತ್ತಿಕೊಂಡಿತ್ತು, ಬಟ್ಟೆಯ ಮೂರ್ನಾಲ್ಕು ಎಳೆಗಳು ಅದರೊಳಗೆ ಹುದುಗಿದ್ದವು.

ಚಕ್ರ ನಿಮ್ಮೆದುರಿಗೆ ಮೇಲಿನಿಂದ ಕೆಳಕ್ಕೆ ತಿರುಗುತ್ತಿದ್ದರೆ ಭಾಗವನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಬೇಕು. ಕೈತಪ್ಪಿದರೂ ಅದು ಮುಖದ ಕಡೆಗೆ ಬಾರದೆ ಕೆಳಕ್ಕೆ ಹೋಗುತ್ತದೆ. ಬಟ್ಟೆ ಯಾವಾಗಲೂ ಭಾಗದ ಮೈಮೇಲಿಂದ ಹಾದು ಅಂಚಿನಿಂದ ಹೊರಕ್ಕೆ ಜಾರಬೇಕು, ಅಂಚಿಗೆ ಎದುರಾಗಿ ಎಂದಿಗೂ ಬರಬಾರದು. ಅಂದರೆ ಅರ್ಧ ಭಾಗವನ್ನು ಮುಗಿಸಿ, ತಿರುಗಿಸಿ ಹಿಡಿದು, ಉಳಿದರ್ಧವನ್ನು ಮಾಡಬೇಕಾಗುತ್ತದೆ. ತೆಳುವಾದ ತುಂಡುಗಳನ್ನು ಮರದ ಹಲಗೆಗೆ ಭದ್ರಪಡಿಸಿಕೊಳ್ಳದೆ ಚಕ್ರದ ಬಳಿಗೆ ಒಯ್ಯಬೇಡಿ. ಸರಪಳಿಯನ್ನಂತೂ ಯಾವ ಕಾರಣಕ್ಕೂ ಒಡ್ಡಬೇಡಿ, ಅದು ಬೆರಳಿನೊಂದಿಗೇ ಸುತ್ತಿಕೊಳ್ಳುತ್ತದೆ. ಲೋಹ ಬಿಸಿಯಾಗುತ್ತದೆಂದು ಹಲವರು ಹತ್ತಿಯ ಕೈಗವಸು ಹಾಕಿಕೊಳ್ಳುತ್ತಾರೆ. ಸಡಿಲವಾದ ಆ ಕೈಗವಸು ಚಕ್ರಕ್ಕೆ ಸಿಕ್ಕರೆ ಕೈಯೂ ಅದರ ಹಿಂದೆಯೇ ಹೋಗುತ್ತದೆ. ಬಿಸಿಯಾದರೆ ಕೆಳಗಿಟ್ಟು ಆರಲು ಬಿಡುವುದೊಂದೇ ದಾರಿ. ಸಡಿಲವಾದ ಅಂಗಿತೋಳು, ಕೊರಳ ಸರ, ಬಿಟ್ಟ ಕೂದಲು ಇವುಗಳ ವಿಷಯವೂ ಹೀಗೆಯೇ. ಕಣ್ಣಿಗೆ ಕನ್ನಡಕ ಮಾತ್ರ ಸಾಲದು, ಇಡೀ ಮುಖವನ್ನು ಮುಚ್ಚುವ ಪಾರದರ್ಶಕ ಕವಚ ಬೇಕು.

ಇನ್ನು ಕೈಯಲ್ಲಿ ಹಿಡಿದು ಲೋಹ ಕತ್ತರಿಸಲು, ಉಜ್ಜಲು ಬಳಸುವ ಆಂಗಲ್ ಗ್ರೈಂಡರಿಗೆ ಬಟ್ಟೆಯ ಚಕ್ರ ಸಿಕ್ಕಿಸುವವರಿದ್ದಾರೆ. 100 ಮಿಲಿಮೀಟರಿನ ಸಾಮಾನ್ಯ ಆಂಗಲ್ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಷ್ಟೇ ಅಗಲದ ಚಕ್ರದ ಅಂಚಿನ ವೇಗ ಆಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಗರಿಷ್ಠ ವೇಗವನ್ನು ನಮೂದಿಸದ ಚಕ್ರವನ್ನು, ಮಾರುವವರು ಏನೇ ಭರವಸೆ ಕೊಟ್ಟರೂ, ಕೊಳ್ಳಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ, ಜನ ಚಕ್ರಕ್ಕೆ ಭಾಗವನ್ನು ಅಷ್ಟು ಬಲವಾಗಿ ಒತ್ತುವುದೇಕೆ ಎಂಬುದನ್ನೂ ಹೇಳಬೇಕು, ಏಕೆಂದರೆ ಅಪಾಯದ ಬೇರು ಅಲ್ಲಿದೆ. ಕನ್ನಡಿಯ ಹೊಳಪು ಹುಟ್ಟುವುದು ಚಕ್ರದಲ್ಲಲ್ಲ, ಉಜ್ಜುಕಾಗದದಲ್ಲಿ. 320ನೇ ಸಂಖ್ಯೆಯ ಕಾಗದದಿಂದ ಆರಂಭಿಸಿ 400, 600, 800, 1000, 1500, 2000 ಹೀಗೆ ಹಂತ ಹಂತವಾಗಿ ನಯವಾದ ಕಾಗದಕ್ಕೆ ಹೋಗಬೇಕು. ಪ್ರತಿ ಹಂತದಲ್ಲೂ ಉಜ್ಜುವ ದಿಕ್ಕನ್ನು ಹಿಂದಿನದಕ್ಕೆ ಅಡ್ಡಲಾಗಿ ಬದಲಿಸಿದರೆ ಹಳೆಯ ಗೀರುಗಳು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಕೊನೆಯದೂ ಹೋಗುವವರೆಗೆ ಮುಂದಿನ ಕಾಗದವನ್ನು ಕೈಗೆತ್ತಿಕೊಳ್ಳಬಾರದು. ಈ ಕೆಲಸವನ್ನು ಅರ್ಧಕ್ಕೆ ಬಿಟ್ಟವರು ಉಳಿದ ಗೀರನ್ನು ಚಕ್ರದಿಂದ ತೆಗೆಯಲು ನೋಡುತ್ತಾರೆ, ಅದು ಹೋಗದಿದ್ದಾಗ ಒತ್ತುತ್ತಾರೆ, ಒತ್ತಿದಾಗ ಚಕ್ರ ಕಿತ್ತುಕೊಳ್ಳುತ್ತದೆ. ನನ್ನಲ್ಲಿದ್ದಂಥ ಸೂಚನೆಯ ಹಾಳೆಗಳು ಇದನ್ನೇ ಸರಿಯಾದ ವಿಧಾನವೆಂದು ಕಲಿಸುವುದು ನನಗೆ ಅತ್ಯಂತ ಆತಂಕದ ಸಂಗತಿ. 2000ದ ಕಾಗದದವರೆಗೆ ಶ್ರದ್ಧೆಯಿಂದ ಬಂದ ಭಾಗಕ್ಕೆ ಚಕ್ರ ಹಗುರವಾಗಿ ತಾಕಿದರೆ ಸಾಕು. ಸಣ್ಣ ಭಾಗವಾದರೆ ಮೆತ್ತನೆಯ ಬಟ್ಟೆ ಮತ್ತು ಲೋಹದ ಪಾಲಿಶ್ ಬಳಸಿ ಕೈಯಲ್ಲೇ ಮುಗಿಸಬಹುದು. ಕ್ರೋಮ್ ಲೇಪವಿರುವ ಭಾಗಗಳಿಗೆ ಮಾತ್ರ ಕಾಗದವನ್ನು ಮುಟ್ಟಿಸಲೇಬೇಡಿ: ಅಲಂಕಾರದ ಕ್ರೋಮ್ ಪದರದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಡಿಮೆ, ಒಮ್ಮೆ ಸವೆದರೆ ಯಾವ ಪಾಲಿಶ್ ಕೂಡ ಅದನ್ನು ಮರಳಿ ತರಲಾರದು.

ಗಾಯಕ್ಕಿಂತ ಹೆಚ್ಚು ನನ್ನನ್ನು ಬೆಚ್ಚಿಬೀಳಿಸಿದ್ದು ಆಮೇಲೆ ಯಂತ್ರವನ್ನು ಒರೆಸುವಾಗ ಕಂಡದ್ದು. ಆ ಬೆಂಚ್ ಗ್ರೈಂಡರಿನ ಒಂದು ತುದಿಗೆ ಬಟ್ಟೆಯ ಚಕ್ರ, ಇನ್ನೊಂದು ತುದಿಗೆ ಕಬ್ಬಿಣ ಸಾಣೆ ಹಿಡಿಯುವ ಕಲ್ಲು ಇರಲಿ ಎಂದು ಮಾರಿದವರೇ ಸಲಹೆ ಕೊಟ್ಟಿದ್ದರು. ಕಲ್ಲಿನ ರಕ್ಷಾಕವಚದ ಒಳಗೆ ಅಲ್ಯೂಮಿನಿಯಂನ ಬೂದು ಪುಡಿಯೂ ತುಕ್ಕು ಬಣ್ಣದ ಕಬ್ಬಿಣದ ಪುಡಿಯೂ ಬೆರೆತು ಪದರವಾಗಿ ಕುಳಿತಿದ್ದವು. ಅಲ್ಯೂಮಿನಿಯಂ ಮತ್ತು ಕಬ್ಬಿಣದ ಆಕ್ಸೈಡ್ (ಅಂದರೆ ತುಕ್ಕು) ಸೇರಿದರೆ ಆಗುವುದು ಥರ್ಮೈಟ್ ಎಂಬ, ವಿಪರೀತ ಕಾವಿನಿಂದ ಉರಿಯುವ ಮಿಶ್ರಣ. ರೈಲು ಹಳಿಗಳನ್ನು ಬೆಸೆಯಲು ಬಳಸುವುದು ಇದೇ ಮಿಶ್ರಣವನ್ನು. ಅದರ ಮೇಲೆ ಕಲ್ಲಿನ ಕಿಡಿ ಬೀಳುತ್ತಿತ್ತು. ಅಲ್ಯೂಮಿನಿಯಂನ ನಯವಾದ ಪುಡಿ ಗಾಳಿಯಲ್ಲಿ ತೇಲುತ್ತಿದ್ದರೆ ಸ್ಫೋಟಿಸಲೂ ಬಲ್ಲದು. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ವಾಹನಗಳ ಗಾಲಿಯ ಹಬ್‌ಗಳಿಗೆ ಪಾಲಿಶ್ ಮಾಡುತ್ತಿದ್ದ ಕಾರ್ಖಾನೆಯೊಂದರಲ್ಲಿ ಇಂಥ ದೂಳು ಸ್ಫೋಟಿಸಿ, ಗಾಯಾಳುಗಳು ಒಬ್ಬೊಬ್ಬರಾಗಿ ಅಸುನೀಗಿ, ಸತ್ತವರ ಸಂಖ್ಯೆ 146ಕ್ಕೆ ಮುಟ್ಟಿತು. ಮನೆಯ ದೂಳು ಅದರ ಮುಂದೆ ಅತ್ಯಲ್ಪ, ನಿಜ. ಒಂದು ಮೇಜನ್ನೂ ಒಂದು ಮುಖವನ್ನೂ ಸುಡಲು ಅಷ್ಟು ಬೇಕಿಲ್ಲ.

ಆದ್ದರಿಂದ ಅಲ್ಯೂಮಿನಿಯಂ ಕೆಲಸ ಮಾಡುವ ಯಂತ್ರದಲ್ಲಿ ಕಬ್ಬಿಣ, ಉಕ್ಕುಗಳನ್ನು ಸಾಣೆ ಹಿಡಿಯಬೇಡಿ. ಕಾಗದದ ಕೆಲಸವನ್ನು ಸಾಧ್ಯವಾದಷ್ಟೂ ನೀರು ಹಾಕಿ ಮಾಡಿ, ದೂಳು ಏಳುವುದಿಲ್ಲ. ಬಿದ್ದ ಪುಡಿಯನ್ನು ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬಾರದು, ಅದರ ಮೋಟಾರಿನೊಳಗೆ ಕಿಡಿ ಹುಟ್ಟುತ್ತದೆ. ಮೆತ್ತನೆಯ ಬ್ರಷ್ಷಿನಿಂದ ದೂಳೆಬ್ಬಿಸದಂತೆ ನಿಧಾನವಾಗಿ ಬಳಿದು ತೆಗೆಯಿರಿ. ಹಿತ್ತಾಳೆಯ ಹಲವು ಬಗೆಗಳಲ್ಲಿ ಸೀಸ ಬೆರೆತಿರುವುದರಿಂದ ಉಸಿರಿಗೆ ಸೂಕ್ತ ಮಾಸ್ಕ್ ಧರಿಸಿ, ಮಕ್ಕಳನ್ನು ದೂರವಿಡಿ, ಊಟಕ್ಕೆ ಮುನ್ನ ಕೈ ತೊಳೆಯಿರಿ. ಒದ್ದೆಯಾದ ಅಲ್ಯೂಮಿನಿಯಂ ರಾಡಿ ನಿಧಾನವಾಗಿ ಹೈಡ್ರೋಜನ್ ಬಿಡುತ್ತದೆ, ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಡಬಾರದು. ಪುಡಿಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ, ನೀರು ಸೇರಿದರೆ ಅದು ಇನ್ನಷ್ಟು ಭುಗಿಲೇಳುತ್ತದೆ. ಪೂರ್ತಿ ಒಣಗಿದ ಮರಳು ತುಂಬಿದ ಬಕೆಟ್ಟೊಂದನ್ನು ಯಂತ್ರದಿಂದ ಎರಡು ಹೆಜ್ಜೆ ದೂರದಲ್ಲಿ, ಬಾಗಿಲಿನ ಕಡೆಗೆ ಇಟ್ಟುಕೊಂಡು, ಆಮೇಲೆ ಸ್ವಿಚ್ ಹಾಕಿ.