ಜಿಮ್ನಿ ಮತ್ತು ರಾಮಗಿರಿ ಗಣಿ ಗುಡ್ಡ: ಬಹಳ ಕಾಲ ಓಡಿಸಿದ ಮೇಲೆ

2023ರಲ್ಲಿ ಮಾರುತಿಯ ಚಿಕ್ಕ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿ ಬಂದಾಗಲೇ ತೆಗೆದುಕೊಂಡೆ. ಮ್ಯಾನುಯಲ್ ಗೇರ್. ನಾನಿರುವುದು ಆಂಧ್ರದ ಮಡಕಶಿರಾದಲ್ಲಿ, ಓಡಾಟ ಜಾಸ್ತಿ ಅಲ್ಲಿನ ರಾಮಗಿರಿ ಕಡೆ. ಪವರ್ ಸಾಲದು ಅಂತ ತುಂಬಾ ಜನ ಹೇಳುತ್ತಾರೆ. ಹೈವೇ ಮಾತಾದರೆ ನಿಜ. 1.5 ಲೀಟರ್ ಎಂಜಿನ್, 134 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಪೆನುಕೊಂಡ ಹತ್ತಿರ ಲಾರಿ ದಾಟಬೇಕಾದರೆ ಗೇರ್ ಇಳಿಸಲೇಬೇಕು. ಆದರೆ ಗುಡ್ಡ ಹತ್ತಲು ಬೇಕಾಗಿರುವುದು ಪವರ್ ಅಲ್ಲ, ಹಿಡಿತ.

ರಾಮಗಿರಿ ಹಳೇ ಚಿನ್ನದ ಗಣಿ ಜಾಗ. ಬ್ರಿಟಿಷರ ಕಾಲದಲ್ಲಿ ತೋಡಿದ್ದು. ಆಮೇಲೆ ಕೆಜಿಎಫ್ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಇಲ್ಲೂ ಕೆಲಸ ಮಾಡಿತು, 2001ರಲ್ಲಿ ಆ ಕಂಪನಿಯೇ ಬಾಗಿಲು ಹಾಕಿತು. ಈಗ ಉಳಿದಿರುವುದು ಬಿದ್ದ ಗೋಡೆ, ಗಣಿ ಮಣ್ಣಿನ ದಿಬ್ಬ, ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರ. ಮಳೆ ನೀರು ದಾರಿಯನ್ನೇ ಕೊರೆದು ಹಳ್ಳ ಮಾಡಿದೆ. ನನ್ನ ಗಾಡಿಗೆ ಪರೀಕ್ಷೆ ಅಲ್ಲೇ.

ಕೊರಕಲು ಶುರುವಾಗುವ ಮುಂಚೆ ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ಸಣ್ಣ ಲಿವರನ್ನು 4ಎಲ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನ ವೇಗದಲ್ಲಿ ಹೆಚ್ಚು ಬಲ ಕೊಡುವ ಗೇರ್‌ಗೆ, ಎಳೆಯುತ್ತೇನೆ. ಮೊದಲ ಗೇರ್‌ನಲ್ಲಿ ನಡೆಯುವ ವೇಗಕ್ಕಿಂತ ನಿಧಾನಕ್ಕೆ ಹೋಗುತ್ತದೆ. ಒಂದು ಕಡೆ ಮುಂದಿನ ಎಡ ಚಕ್ರವೂ ಹಿಂದಿನ ಬಲ ಚಕ್ರವೂ ಗಾಳಿಯಲ್ಲಿ ನಿಂತು ಸುಮ್ನೆ ತಿರುಗತೊಡಗುತ್ತವೆ. ಹೊಸಬರು ಇಲ್ಲಿ ಹೆದರಿ ಕಾಲು ತೆಗೆಯುತ್ತಾರೆ. ತೆಗೆಯಬಾರದು. ಆಕ್ಸಿಲರೇಟರ್ ಅಲುಗಿಸದೆ ಹಿಡಿದುಕೊಂಡರೆ ಕರಕರ ಸದ್ದು ಬರುತ್ತದೆ, ಗಾಡಿ ತಾನೇ ಆ ಎರಡು ಚಕ್ರಕ್ಕೆ ಬ್ರೇಕ್ ಹಾಕಿ ನೆಲದಲ್ಲಿರುವ ಚಕ್ರಗಳಿಗೆ ಬಲ ಕಳಿಸುತ್ತದೆ, ಮೆಲ್ಲಗೆ ಮೇಲೇಳುತ್ತದೆ. ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಮೆಕ್ಯಾನಿಕಲ್ ಲಾಕ್ ಇಲ್ಲದೆ ಇಷ್ಟು ಹತ್ತುವುದು ನನಗೆ ಇಂದಿಗೂ ಖುಷಿ ಕೊಡುತ್ತದೆ. ಸುಮಾರು 1200 ಕೆಜಿ ತೂಕ ಅಷ್ಟೇ, ಸಡಿಲ ಕಲ್ಲಿನ ಮೇಲೆ ಅದೇ ದೊಡ್ಡ ಅನುಕೂಲ.

ಕೊರತೆ ಹೊಟ್ಟೆಯ ಕೆಳಗೆ. ಹೊರದೇಶದಲ್ಲಿ ಮಾರುವ ಮೂರು ಬಾಗಿಲಿನ ಜಿಮ್ನಿಗೆ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2250 ಮಿಮೀ, ಐದು ಬಾಗಿಲಿನ ನಮ್ಮದಕ್ಕೆ 2590. ಗ್ರೌಂಡ್ ಕ್ಲಿಯರೆನ್ಸ್ 210 ಮಿಮೀ ಇದ್ದರೂ ಚೂಪು ದಿಬ್ಬ ದಾಟುವಾಗ ನಡುಭಾಗ ಉಜ್ಜುತ್ತದೆ. ಓರೆಯಾಗಿ ಹತ್ತಿಸಿದರೆ ತಪ್ಪುತ್ತದೆ. ಕೆಳಗೆ ಸ್ಕಿಡ್ ಪ್ಲೇಟ್ (ಹೊಟ್ಟೆಗೆ ಕಲ್ಲು ತಾಗದಂತೆ ಕಾಯುವ ತಗಡು) ಹಾಕಿಸಿ, ಖಂಡಿತ. ಪೆಟ್ರೋಲ್ ಟ್ಯಾಂಕ್ 40 ಲೀಟರ್, 4ಎಲ್‌ನಲ್ಲಿ ಬೇಗ ಇಳಿಯುತ್ತದೆ, ಹೊರಡುವ ಮುಂಚೆ ತುಂಬಿಸಿಕೊಳ್ಳಿ. ನಾಲ್ಕು ಜನ ಕೂತರೆ ಡಿಕ್ಕಿಯಲ್ಲಿ ಹಗ್ಗ, ಕಂಪ್ರೆಸರ್, ನೀರಿನ ಕ್ಯಾನ್ ಇಡುವಷ್ಟೇ ಜಾಗ.

ಇನ್ನೊಂದು ಮಾತು, ಇದು ಗಾಡಿಯ ಬಗ್ಗೆ ಅಲ್ಲ. ಹಳೇ ಗಣಿ ಬಾವಿಗಳ ಹತ್ತಿರ ಗಾಡಿ ತರಬೇಡಿ. ಪೊದೆ ಬೆಳೆದು ಬಾಯಿ ಕಾಣುವುದಿಲ್ಲ, ಅಂಚಿನ ನೆಲ ಒಳಗೆ ಟೊಳ್ಳಾಗಿರಬಹುದು. ಗಣಿ ಮಣ್ಣಿನ ದಿಬ್ಬಕ್ಕೂ ಹತ್ತಿಸಬೇಡಿ, ಆ ಧೂಳು ಕೆಳಗಿನ ಊರಿನವರ ಮನೆಗೇ ಹೋಗುತ್ತದೆ ಅಲ್ವಾ? ಮೇಕೆ ಕಾಯುವವರನ್ನು ಕೇಳಿ, ಯಾವ ದಾರಿ ಗಟ್ಟಿ ಅಂತ ಅವರಿಗೆ ಗೊತ್ತು.

ಟಯರ್ ವಿಷಯ. ಕಂಪನಿಯಿಂದ ಬಂದ 195/80 ಆರ್15 ರಸ್ತೆಗೆ ಚೆನ್ನ. ಕಲ್ಲಿನಲ್ಲಿ ಗಾಳಿ 20 ಪಿಎಸ್‌ಐಗೆ ಇಳಿಸಿದರೆ ಹಿಡಿತ ಜಾಸ್ತಿ, ಪಕ್ಕದ ಗೋಡೆಗೆ ಏಟೂ ಜಾಸ್ತಿ. ಮುಂದಿನ ಸಲ 215/75 ಆಲ್-ಟೆರೇನ್ (ರಸ್ತೆಗೂ ಕಲ್ಲು ಮಣ್ಣಿಗೂ ಆಗುವ ಟಯರ್) ಹಾಕಿಸುತ್ತೇನೆ.