ಲಕ್ಷದ ಅಲ್ಪವಿರಾಮ: ಮೊತ್ತವನ್ನು ಸಂಖ್ಯೆಯಾಗಿಸುವ ಮೂರು ವಿಧಾನಗಳ ಹೋಲಿಕೆ

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರಿಗೆ ಖರೀದಿ ಲೆಕ್ಕದ ವೆಬ್ ಪುಟವನ್ನು ಸಿದ್ಧಪಡಿಸುವಾಗ, ಟೈಪ್ ಮಾಡಿದ ಮೊತ್ತವನ್ನು ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ, ಲೆಕ್ಕಕ್ಕೆ ಒದಗುವ ಸಂಖ್ಯೆಯಾಗಿಸುವ ಮೂರು ವಿಧಾನಗಳನ್ನು ಪ್ರಯೋಗಿಸಿ ನೋಡಿದೆ. ಮಾದರಿಗಳು ಆ ಮಳಿಗೆಯ ಕಾಗದಗಳಲ್ಲೇ ಇದ್ದವು: ಮೂಟೆಗಳ ಲೆಕ್ಕದ ‘1,24,350.50’, ಹಳೆಯ ಬಿಲ್ಲಿನ ‘ರೂ. 1,24,350.50’, ಹಿರಿಯ ಗುಮಾಸ್ತರು ಬರೆಯುವ ‘೧,೨೪,೩೫೦.೫೦’ ಮತ್ತು ಜರ್ಮನಿಯ ಖರೀದಿದಾರರ ‘1.234,50 €’.

ಮೊದಲ ವಿಧಾನ, ಬರಹವನ್ನು ಸಂಖ್ಯೆಯಾಗಿಸುವ ಜಾವಾಸ್ಕ್ರಿಪ್ಟ್‌ನ ಸಿದ್ಧ ಫಂಕ್ಷನ್‌ಗಳಿಗೆ ಮೊತ್ತವನ್ನು ಇದ್ದಂತೆಯೇ ಕೊಡುವುದು. ಅವುಗಳಲ್ಲಿ ಪಾರ್ಸ್‌ಫ್ಲೋಟ್ (parseFloat) ಮೊದಲ ಅಲ್ಪವಿರಾಮದಲ್ಲೇ ಓದು ನಿಲ್ಲಿಸಿ, ಲಕ್ಷದ ಮೊತ್ತಕ್ಕೆ 1 ಎಂದು ಉತ್ತರಿಸಿತು. ನಂಬರ್ (Number) ಫಂಕ್ಷನ್ ನಾಲ್ಕು ಮಾದರಿಗಳನ್ನೂ ಸಂಖ್ಯೆಯಲ್ಲವೆಂದು ತಿರಸ್ಕರಿಸಿತು. ಅದು ವಾಸಿ, ಆದರೆ ಖಾಲಿ ಬಿಟ್ಟ ಜಾಗವನ್ನು ಅದು ಸೊನ್ನೆಯೆಂದು ಓದುವುದನ್ನು ಮರೆಯಬಾರದು.

ಎರಡನೆಯ ವಿಧಾನ ಹೆಚ್ಚಿನವರ ರೂಢಿ: 0ಯಿಂದ 9ರವರೆಗಿನ ಅಂಕಿ, ಚುಕ್ಕಿಗಳನ್ನುಳಿದು ಎಲ್ಲವನ್ನೂ ರೆಜೆಕ್ಸ್‌ನಿಂದ, ಅಂದರೆ ಅಕ್ಷರಗಳ ವಿನ್ಯಾಸವನ್ನು ಹುಡುಕುವ ಸೂತ್ರದಿಂದ, ಅಳಿಸಿ ಪಾರ್ಸ್‌ಫ್ಲೋಟ್‌ಗೆ ಕೊಡುವುದು. ಮೊದಲ ಮಾದರಿ ಸರಿಯಾಗಿ ಬಂತು. ಆದರೆ ‘ರೂ.’ ಎಂಬುದರ ಚುಕ್ಕಿ ಉಳಿದುಕೊಂಡು ದಶಮಾಂಶ ಬಿಂದುವಾದ್ದರಿಂದ ಎರಡನೆಯ ಮಾದರಿ 0.12435 ಆಯಿತು, ಯೂರೋ ಮೊತ್ತ 1.2345ಕ್ಕೆ ಕುಸಿಯಿತು, ಕನ್ನಡ ಅಂಕಿಗಳೆಲ್ಲ ಅಳಿಸಿಹೋದವು. ದೋಷದ ಸೂಚನೆಯಿಲ್ಲದೆ ತಪ್ಪು ಸಂಖ್ಯೆ ಖಾತೆ ಸೇರುವುದು, ನನ್ನ ದೃಷ್ಟಿಯಲ್ಲಿ, ಪುಟ ಕೆಟ್ಟು ನಿಲ್ಲುವುದಕ್ಕಿಂತ ಅಪಾಯಕರ.

ಮೂರನೆಯ ವಿಧಾನಕ್ಕೆ ಆಧಾರ ಇಂಟ್ಲ್ ನಂಬರ್‌ಫಾರ್ಮ್ಯಾಟ್ (Intl.NumberFormat), ಆಯಾ ಪ್ರದೇಶದ ಪದ್ಧತಿಯಂತೆ ಸಂಖ್ಯೆ ಬರೆಯುವ ಜಾವಾಸ್ಕ್ರಿಪ್ಟ್‌ನ ಸಾಧನ. ಅದು ಸಂಖ್ಯೆಯನ್ನು ಬರಹವಾಗಿಸುತ್ತದೆಯೇ ಹೊರತು ಬರಹವನ್ನು ಸಂಖ್ಯೆಯಾಗಿಸುವುದಿಲ್ಲ. ಆದರೂ ಬರಹವನ್ನು ಭಾಗಗಳಾಗಿ ಬಿಡಿಸಿ ಕೊಡುವ ಅದರ ಫಾರ್ಮ್ಯಾಟ್‌ಟುಪಾರ್ಟ್ಸ್‌ಗೆ (formatToParts) ಒಂದು ಮಾದರಿ ಸಂಖ್ಯೆಯನ್ನು ಕೊಟ್ಟರೆ, ಆ ಪ್ರದೇಶದಲ್ಲಿ ಅಂಕಿಗಳ ಗುಂಪನ್ನು ಬೇರ್ಪಡಿಸುವ ಚಿಹ್ನೆ ಯಾವುದು, ದಶಮಾಂಶ ಚಿಹ್ನೆ ಯಾವುದು ಎಂಬುದು ತಿಳಿಯುತ್ತದೆ. ಈ ಮಾದರಿ ಸಂಖ್ಯೆ 12345.6ರಂತೆ ದೊಡ್ಡದಿರಬೇಕು, ಏಕೆಂದರೆ ಸ್ಪೇನ್‌ನ ಪದ್ಧತಿಯಲ್ಲಿ ನಾಲ್ಕಂಕಿಯ ಸಂಖ್ಯೆಗೆ ಗುಂಪಿನ ಚಿಹ್ನೆಯೇ ಬರುವುದಿಲ್ಲ. ಕನ್ನಡ ಅಂಕಿಗಳನ್ನು ಬದಲಿಸಿ, ‘ರೂ.’, ‘₹’, ‘€’ಗಳನ್ನು ಮತ್ತು ಜೊತೆಗಿನ ಖಾಲಿ ಜಾಗವನ್ನು ಮಾತ್ರ ತೆಗೆದು, ಗುಂಪಿನ ಚಿಹ್ನೆಯನ್ನು ಅಳಿಸಿ, ದಶಮಾಂಶ ಚಿಹ್ನೆಯ ಜಾಗಕ್ಕೆ ಚುಕ್ಕಿಯನ್ನಿಟ್ಟು, ಉಳಿದದ್ದು ಖಾಲಿಯಲ್ಲವೆಂದು ನೋಡಿಕೊಂಡು ನಂಬರ್‌ಗೆ ಒಪ್ಪಿಸಿದಾಗ ನಾಲ್ಕೂ ಮಾದರಿಗಳು ಸರಿಯಾಗಿ ಬಂದವು.

ಇದಕ್ಕೆ ಪ್ರದೇಶ ಯಾವುದೆಂದು ಮೊದಲೇ ತಿಳಿದಿರಬೇಕು. ಯೂರೋ ಎಂದೊಡನೆ ಜರ್ಮನ್ ಪದ್ಧತಿ ಎನ್ನುವಂತಿಲ್ಲ. ಐರ್ಲೆಂಡ್‌ನಲ್ಲಿ ಅದೇ ಯೂರೋವನ್ನು 1,234.50 ಎಂದು ಬರೆಯುತ್ತಾರೆ. ಆದ್ದರಿಂದ ಮೊತ್ತದ ಪಕ್ಕದಲ್ಲೇ ಬರವಣಿಗೆಯ ಪದ್ಧತಿಯನ್ನು ಆಯ್ದುಕೊಳ್ಳುವ ಪಟ್ಟಿಯನ್ನು ಇಟ್ಟಿದ್ದೇನೆ. ಬಂದ ಸಂಖ್ಯೆಯನ್ನು ಪೂರ್ಣಾಂಕದ ಪೈಸೆಯಾಗಿ ಉಳಿಸುವಾಗ ನೂರರಿಂದ ಗುಣಿಸಿ ಮ್ಯಾಥ್ ರೌಂಡ್ (Math.round) ಫಂಕ್ಷನ್‌ನಿಂದ ಹತ್ತಿರದ ಪೂರ್ಣಾಂಕಕ್ಕೆ ತರುತ್ತೇನೆ, ಏಕೆಂದರೆ 1.15ನ್ನು ನೂರರಿಂದ ಗುಣಿಸಿದರೆ ಜಾವಾಸ್ಕ್ರಿಪ್ಟ್ ಕೊಡುವುದು 114.99999999999999.