ಬದಿಯಡ್ಕದ ಒಂದು ಮ್ಯೂಚುವಲ್ ಫಂಡ್ ಕಚೇರಿ: ಅಡಕೆ ಬೆಳೆಗಾರರ ಲೆಕ್ಕದಲ್ಲಿ

ಕಾಸರಗೋಡಿನ ನಮ್ಮ ಭಾಗದಲ್ಲಿ ಉಳಿತಾಯವೆಂದರೆ ಬಹುಕಾಲ ಚಿನ್ನ, ಸೇವಾ ಸಹಕಾರಿ ಬ್ಯಾಂಕಿನ ಠೇವಣಿ ಮತ್ತು ಚಿಟ್ಟಿ, ಇಷ್ಟೇ ಆಗಿತ್ತು. ಈಗ ಹಲವರ ದುಡ್ಡನ್ನು ಒಟ್ಟುಗೂಡಿಸಿ ಷೇರು, ಸಾಲಪತ್ರಗಳಲ್ಲಿ ಹೂಡುವ ಮ್ಯೂಚುವಲ್ ಫಂಡ್ ಕೂಡ ಆ ಸಾಲಿಗೆ ಸೇರಿದೆ. ನಮ್ಮ ಮನೆಯ ಹೂಡಿಕೆ ನಡೆಯುವುದು ಬದಿಯಡ್ಕ ಪೇಟೆಯ ವಿತರಕರೊಬ್ಬರ ಮೂಲಕ. ಮಾರುಕಟ್ಟೆ ಏರುತ್ತಿರುವಾಗ ಎಲ್ಲ ವಿತರಕರೂ ಜಾಣರಾಗಿಯೇ ಕಾಣುತ್ತಾರೆ. ಆದ್ದರಿಂದ ಅದು ಇಳಿದ ತಿಂಗಳುಗಳಲ್ಲಿ ಇವರು ಹೇಗೆ ನಡೆದುಕೊಂಡರು ಎಂಬುದನ್ನೇ ಮುಖ್ಯವಾಗಿಟ್ಟುಕೊಂಡು ಈ ಸೇವೆಯನ್ನು ಅಳೆದಿದ್ದೇನೆ.

2024ರ ಸೆಪ್ಟೆಂಬರ್ ಕೊನೆಯಲ್ಲಿ 26,277ರವರೆಗೆ ಏರಿದ್ದ ಷೇರುಪೇಟೆಯ ಸೂಚ್ಯಂಕ ನಿಫ್ಟಿ, ಅಕ್ಟೋಬರಿನಿಂದ ಸತತ ಐದು ತಿಂಗಳು ಇಳಿದು 2025ರ ಮಾರ್ಚ್ ಮೊದಲಲ್ಲಿ 22,000ದ ಆಸುಪಾಸಿಗೆ ಬಂದಿತ್ತು. ಏಪ್ರಿಲ್ 7ರಂದು ಅಮೆರಿಕದ ಸುಂಕದ ಭೀತಿಗೆ ಇನ್ನೊಂದು ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 2,200ಕ್ಕೂ ಹೆಚ್ಚು ಅಂಕ ಕುಸಿಯಿತು. ಆ ವಾರ ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿದ್ದ ಹಿರಿಯ ಕೃಷಿಕರು ಎಸ್‌ಐಪಿ (ತಿಂಗಳು ತಿಂಗಳು ನಿಗದಿತ ಮೊತ್ತ ಹೂಡುವ ಕಂತು) ನಿಲ್ಲಿಸಿ, ಇದ್ದದ್ದನ್ನೆಲ್ಲ ಮಾರಿಬಿಡುವ ನಿರ್ಧಾರದಲ್ಲಿ ಬಂದಿದ್ದರು. ಮಾರುಕಟ್ಟೆ ಮತ್ತೆ ಏರುತ್ತದೆ ಎಂಬ ಭರವಸೆಯನ್ನು ವಿತರಕರು ಕೊಡಲಿಲ್ಲ. "ಅಣ್ಣಾ, ಈ ದುಡ್ಡು ನಿಮಗೆ ಯಾವಾಗ ಬೇಕು?" ಎಂದಷ್ಟೇ ಕೇಳಿದರು. ಒಂದು ಪಾಲು ಬರುವ ವರ್ಷ ಮಗಳ ಮದುವೆಗೆ, ಉಳಿದದ್ದು ಸದ್ಯಕ್ಕೆ ಬೇಡ ಎಂಬ ಉತ್ತರ ಬಂತು. ಮದುವೆಯ ಪಾಲನ್ನು ಏರಿಳಿತ ಕಡಿಮೆಯಿರುವ, ಬೇಕೆಂದಾಗ ಬೇಗ ಹಣ ಸಿಗುವ ಲಿಕ್ವಿಡ್ ಫಂಡಿಗೆ ವರ್ಗಾಯಿಸುವುದೆಂದೂ ಉಳಿದದ್ದನ್ನು ಮುಟ್ಟಬಾರದೆಂದೂ ತೀರ್ಮಾನವಾಯಿತು. ಫಂಡಿನ ಒಂದು ಪಾಲಾದ ಯೂನಿಟ್ಟಿನ ಬೆಲೆ 50 ರೂಪಾಯಿ ಇದ್ದಾಗ 5,000 ರೂಪಾಯಿಗೆ 100 ಯೂನಿಟ್ ಸಿಗುತ್ತದೆ, 40ಕ್ಕೆ ಇಳಿದಾಗ ಅದೇ ದುಡ್ಡಿಗೆ 125 ಸಿಗುತ್ತದೆ ಎಂಬುದನ್ನು ಆ ಕೃಷಿಕರದೇ ಸ್ಟೇಟ್‌ಮೆಂಟಿನ ಹಿಂಬದಿಯಲ್ಲಿ ಬರೆದು ತೋರಿಸಿದರು. ಒಂದು ವರ್ಷ ದಾಟಿದ ಈಕ್ವಿಟಿ (ಷೇರುಗಳಲ್ಲಿ ಹೂಡುವ) ಫಂಡಿನ ಯೂನಿಟ್‌ಗಳನ್ನು ಮಾರಿ ಬರುವ ಲಾಭ ವರ್ಷಕ್ಕೆ 1.25 ಲಕ್ಷ ಮೀರಿದರೆ, ಮೀರಿದ ಭಾಗಕ್ಕೆ 12.5 ಶೇಕಡಾ ತೆರಿಗೆ ಬೀಳುವುದನ್ನೂ ಹೇಳಿದರು. ಸಮಾಧಾನದ, ಅಚ್ಚುಕಟ್ಟಾದ ಕೆಲಸ. ಆದರೂ ಒಂದು ಮಾತು ಹೇಳಲೇಬೇಕು: ಮುಂದಿನ ವರ್ಷವೇ ಬೇಕಾಗುವ ಹಣ ಈಕ್ವಿಟಿ ಫಂಡಿನಲ್ಲಿ ಉಳಿದಿರಲೇಬಾರದಿತ್ತು, ಮತ್ತು ಆ ಪ್ರಶ್ನೆಯನ್ನು ಕೇಳಬೇಕಾಗಿದ್ದದ್ದು ಕುಸಿತಕ್ಕಿಂತ ಮೊದಲು.

ಈ ಕಚೇರಿಯ ನಿಜವಾದ ಹೆಚ್ಚುಗಾರಿಕೆ ಬೆಳೆಗಾರನ ಆದಾಯದ ರೀತಿಯನ್ನು ಅರಿತಿರುವುದು. ಸಂಬಳದವರಿಗೆ ಎಸ್‌ಐಪಿ ಸುಲಭ; ಅಡಕೆ ಮಾರಿದಾಗ ಮಾತ್ರ ಒಟ್ಟಿಗೆ ದುಡ್ಡು ಕಾಣುವವರಿಗೆ ಮಳೆಗಾಲದಲ್ಲಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಖರ್ಚೂ ಸೇರಿದಾಗ, ಖಾತೆ ಬರಿದಾಗಿರುತ್ತದೆ. ಕಂತು ತಪ್ಪಿದರೆ ಫಂಡಿನವರು ದಂಡ ಹಾಕುವುದಿಲ್ಲ, ಆದರೆ ಬ್ಯಾಂಕು ಶುಲ್ಕ ಮುರಿದುಕೊಳ್ಳುತ್ತದೆ. ತಿಂಗಳ ಕಂತು ಸತತ ಮೂರು ಬಾರಿ ತಪ್ಪಿದರೆ ಎಸ್‌ಐಪಿಯೇ ರದ್ದಾಗುತ್ತದೆ. ಇದಕ್ಕೆ ಇವರು ಸೂಚಿಸುವ ದಾರಿ ಎಸ್‌ಟಿಪಿ: ಅಡಕೆಯ ದುಡ್ಡನ್ನು ಮೊದಲು ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ತಿಂಗಳು ತಿಂಗಳು ಒಂದು ನಿಗದಿತ ಮೊತ್ತ ಈಕ್ವಿಟಿ ಫಂಡಿಗೆ ತಾನಾಗಿ ಹೋಗುವಂತೆ ಮಾಡುವುದು. ಧಾರಣೆ ಏರಲೆಂದು ಚಾಲಿ ಅಡಕೆಯನ್ನು ಅಟ್ಟದಲ್ಲಿಟ್ಟು ಸ್ವಲ್ಪ ಸ್ವಲ್ಪವೇ ಮಾರುವವರಿಗೆ ಈ ಕ್ರಮವನ್ನು ವಿವರಿಸಬೇಕಾಗಿಯೇ ಇಲ್ಲ. ಇಷ್ಟಕ್ಕೂ ಮೊದಲು ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿದೆಯೇ ಎಂದು ಕೇಳುತ್ತಾರೆ, ಇಲ್ಲವೆಂದರೆ ಫಾರಂ ತೆಗೆಯುವುದಿಲ್ಲ.

ಕೊರತೆ ಇರುವುದು ಕಮಿಷನ್ನಿನ ವಿಷಯದಲ್ಲಿ. ವಿತರಕರ ಮೂಲಕ ಸಿಗುವುದು ರೆಗ್ಯುಲರ್ ಪ್ಲಾನ್. ಅವರ ಕಮಿಷನ್ ಫಂಡಿನ ಖರ್ಚಿನೊಳಗೇ ಸೇರಿರುತ್ತದೆ. ಅದೇ ಫಂಡನ್ನು ವಿತರಕರಿಲ್ಲದೆ, ಕಮಿಷನ್ ಇಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದ ಎಲ್ಲರಿಗೂ ತೆರೆದಿದೆ. ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ ಹಾಕಿದವರಿಗೆ ಆ ಖರ್ಚಿನಿಂದಾಗಿ ವರ್ಷಕ್ಕೆ 12 ಶೇಕಡಾದ ಬದಲು 11 ಬಂದರೆ, ಕೊನೆಯಲ್ಲಿ ಸುಮಾರು 6 ಲಕ್ಷ ಕಡಿಮೆಯಾಗುತ್ತದೆ. ಈ ವ್ಯತ್ಯಾಸವನ್ನು ಇಲ್ಲಿ ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ. ನೋಂದಣಿಯ ಎಆರ್‌ಎನ್ ಸಂಖ್ಯೆಯನ್ನು ಗೋಡೆಯ ಮೇಲೆ ಕಾಣುವಂತೆ ಹಾಕಿರುವವರು ಇದನ್ನೂ ತಾವಾಗಿಯೇ ಹೇಳಬಹುದಿತ್ತು. ಆರು ತಿಂಗಳಿಗೊಮ್ಮೆ ಬರುವ ಒಟ್ಟು ಖಾತೆಯ ಸ್ಟೇಟ್‌ಮೆಂಟಿನಲ್ಲಿ ವಿತರಕರಿಗೆ ಹೋದ ಮೊತ್ತ ರೂಪಾಯಿಯಲ್ಲೇ ನಮೂದಾಗಿರುತ್ತದೆ; ಅದನ್ನೊಮ್ಮೆ ತೆರೆದು ನೋಡಬೇಕು.

ಮೊಬೈಲಿನಲ್ಲಿ ತಾವೇ ಎಲ್ಲವನ್ನೂ ಮಾಡಬಲ್ಲ, ಕುಸಿತದಲ್ಲಿ ಕೈ ನಡುಗದ ಮಂದಿಗೆ ಈ ಕಚೇರಿಯ ಅಗತ್ಯ ನನಗೆ ಕಾಣುವುದಿಲ್ಲ. ನಮ್ಮ ತಂದೆಯವರಂಥವರಿಗೆ ಆ ಕಮಿಷನ್ ಕೊಟ್ಟರೂ ನಷ್ಟವಿಲ್ಲ ಎಂದೇ ನನ್ನ ಅಭಿಪ್ರಾಯ. ಮಾತುಕತೆ ಕನ್ನಡ, ತುಳು, ಮಲಯಾಳ ಮೂರರಲ್ಲೂ ನಡೆಯುತ್ತದೆ, ಆದರೆ ಫಾರಂಗಳೆಲ್ಲ ಇಂಗ್ಲಿಷಿನಲ್ಲಿವೆ; ಸಹಿ ಹಾಕುವ ಮೊದಲು ಓದಿ ಹೇಳಿಸಿಕೊಳ್ಳಬೇಕು. ಈಕ್ವಿಟಿ ಫಂಡಿಗೆ ಆ ದಿನದ ಬೆಲೆ ಸಿಗಬೇಕಾದರೆ ಅರ್ಜಿಯೂ ಹಣವೂ ಮಧ್ಯಾಹ್ನ 3 ಗಂಟೆಯೊಳಗೆ ತಲುಪಿರಬೇಕಾದುದರಿಂದ ಬೆಳಗ್ಗೆಯೇ ಹೋಗುವುದು ಒಳ್ಳೆಯದು.